ಗಾಳಿಬೋರೆಯ ಮೀನಿನ ಲೆಕ್ಕ

ಶಿವನಸಮುದ್ರದಲ್ಲಿ ಧುಮುಕಿದ ಕಾವೇರಿ ಅಲ್ಲಿಂದ ಮುಂದೆ ಊರು, ಗದ್ದೆಗಳ ಸಹವಾಸ ಬಿಟ್ಟು ಕಾಡಿನ ದಾರಿ ಹಿಡಿಯುತ್ತದೆ. ದೊಡ್ಡಮಾಕಳಿ, ಭೀಮೇಶ್ವರಿ, ಮುತ್ತತ್ತಿ, ಗಾಳಿಬೋರೆ, ಸಂಗಮ ಎಲ್ಲವೂ ಈ ದಾರಿಯಲ್ಲೇ ಸಿಗುತ್ತವೆ. ಬಂಡೆಗಳ ನಡುವೆ ರಭಸದ ಹರಿವು, ಅದು ಮುಗಿದಲ್ಲಿ ಆಳದ ಮಡು, ಮತ್ತೆ ರಭಸ. ದೊಡ್ಡ ಮೀನಿಗೆ ಹೇಳಿ ಮಾಡಿಸಿದ ಜಾಗ. ಇಲ್ಲಿ ಗಾಳ ಹಾಕಲು ಬಂದವರ ಬೇಟೆಯ ಲೆಕ್ಕವನ್ನು ಗಾಳಿಬೋರೆಯ ಶಿಬಿರದಲ್ಲಿ ಬರೆದಿಡುತ್ತಿದ್ದರು. ಎಷ್ಟು ಹೊತ್ತು ಗಾಳ ಹಾಕಿದರು, ಏನು ಸಿಕ್ಕಿತು, ಎಷ್ಟು ತೂಗಿತು ಎಂಬುದಷ್ಟೇ ಅದರಲ್ಲಿತ್ತು. 1998ರಿಂದ 2012ರವರೆಗಿನ ದಾಖಲೆಯನ್ನು ಒಟ್ಟು ಮಾಡಿದಾಗ 23,620 ಗಂಟೆಗಳ ಗಾಳಗಾರಿಕೆ, 6,161 ಮಹಶೀರ್ ಮೀನುಗಳು ಲೆಕ್ಕಕ್ಕೆ ಸಿಕ್ಕವು. ಸುಮಾರು ನಾಲ್ಕು ಗಂಟೆಗೆ ಒಂದು ಮೀನು. ಅತಿ ಚಿಕ್ಕದು ಅರ್ಧ ಕಿಲೋಗೂ ಕಡಿಮೆ, ಅತಿ ದೊಡ್ಡದು 46.8 ಕಿಲೋ. ಹಿಡಿದ ಮೀನನ್ನು ತೂಗಿ ಮತ್ತೆ ನೀರಿಗೆ ಬಿಡುವುದು ಅಲ್ಲಿನ ಕಟ್ಟಳೆ.

ಈ ಲೆಕ್ಕವನ್ನು ಮೇಲುಮೇಲೆ ಓದಿದರೆ ಸಂತೋಷಪಡಬೇಕು. ವರ್ಷಗಳು ಕಳೆದಂತೆ ಅದೇ ಶ್ರಮಕ್ಕೆ ಸಿಗುವ ಮೀನುಗಳ ಸಂಖ್ಯೆ ಏರುತ್ತಾ ಹೋಗಿದೆ. ಸರಾಸರಿ ತೂಕ ಇಳಿದಿದೆ ನಿಜ, ಆದರೆ ಅದೂ ಒಳ್ಳೆಯ ಸುದ್ದಿಯೇ: ಎಳೆಯ ಮೀನುಗಳು ಹೆಚ್ಚುತ್ತಿವೆ, ಸಂತತಿ ಬೆಳೆಯುತ್ತಿದೆ ಎಂದರ್ಥ. ಕಾವಲು ಹಾಕಿದ್ದು ಫಲ ಕೊಟ್ಟಿತು, ನದಿ ಚೇತರಿಸಿಕೊಂಡಿತು ಎಂದು ವರದಿ ಬರೆದು ಕೈತೊಳೆದುಕೊಳ್ಳಬಹುದಿತ್ತು. ಬ್ರಿಟನ್ನಿನ ಬೋರ್ನ್‌ಮತ್ ವಿಶ್ವವಿದ್ಯಾಲಯದ ಏಡ್ರಿಯನ್ ಪಿಂಡರ್ ಮತ್ತು ರಾಬರ್ಟ್ ಬ್ರಿಟನ್, ಕೊಚ್ಚಿಯ ರಾಜೀವ್ ರಾಘವನ್ ಹಾಗೆ ಮಾಡಲಿಲ್ಲ. ಅವರು ಮಹಶೀರ್ ಎಂಬ ಒಂದೇ ಸಾಲನ್ನು ಎರಡಾಗಿ ಒಡೆದು ನೋಡಿದರು. ಹಾಗೆ ಒಡೆದ ಕೂಡಲೇ ಚಿತ್ರ ತಲೆಕೆಳಗಾಯಿತು. ಏರಿದ್ದು ಒಂದು ಮೀನು, ಇಳಿದದ್ದು ಇನ್ನೊಂದು. ಕಾವೇರಿಗೆ ಜಗತ್ತಿನ ಗಾಳಗಾರರ ನಡುವೆ ಹೆಸರು ತಂದದ್ದು ಆ ಇನ್ನೊಂದು.

ಎರಡೂ ಮಹಶೀರ್‌ಗಳೇ. ದೂರದಿಂದ ನೋಡಿದರೆ ಒಂದೇ ಮನೆಯ ಮಕ್ಕಳು: ಅಂಗೈಯಷ್ಟು ಅಗಲದ ಹುರುಪೆ, ದಪ್ಪ ತುಟಿ, ಬಾಯಿಯ ಪಕ್ಕದಲ್ಲಿ ಎರಡು ಜೊತೆ ಮೀಸೆ. ಹತ್ತಿರದಿಂದ ನೋಡಿದವರು ಮಾತ್ರ ಬೇರೆ ಹೇಳುತ್ತಾರೆ. ಒಂದರ ಈಜುರೆಕ್ಕೆಗಳು ನೀಲಿ ಛಾಯೆಯ ಬೂದು. ಇನ್ನೊಂದರದು ಕಿತ್ತಳೆ, ಮೈ ಹೊಂಬಣ್ಣಕ್ಕೆ ತಿರುಗಿರುತ್ತದೆ. ಅದರ ತಲೆಯ ಹಿಂದಿನಿಂದ ಬೆನ್ನಿನ ರೆಕ್ಕೆಯವರೆಗೆ ಗೂನು ಎದ್ದಿರುತ್ತದೆ. ಈ ಗೂನುಬೆನ್ನಿನ ಮಹಶೀರ್ ಕಾವೇರಿ ಮತ್ತು ಅದರ ಉಪನದಿಗಳನ್ನು ಬಿಟ್ಟರೆ ಲೋಕದಲ್ಲಿ ಎಲ್ಲಿಯೂ ಇಲ್ಲ. ಮಹಶೀರ್‌ಗಳಲ್ಲೇ ಅತಿ ದೊಡ್ಡದಾಗಿ ಬೆಳೆಯುವುದೂ ಇದೇ. 1946ರಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಮನೆತನದವರೊಬ್ಬರು, ಅಂದರೆ ಮಹಾರಾಜರು ಬೇಟೆಯಾಡಿದ ಹುಲಿ, ಕಾಟಿಗಳ ಚರ್ಮ ತುಂಬಿ ನಿಲ್ಲಿಸುತ್ತಿದ್ದ ಅದೇ ಮನೆತನದವರು, ಕಬಿನಿಯಲ್ಲಿ 120 ಪೌಂಡ್ ತೂಕದ ಮಹಶೀರ್ ಹಿಡಿದರು. ನಮ್ಮ ತೂಕದಲ್ಲಿ 54 ಕಿಲೋ. ಆ ದಾಖಲೆ ಇನ್ನೂ ಮುರಿದಿಲ್ಲ.

ಇಂಗ್ಲಿಷರು ಈ ಮೀನಿನ ಹಿಂದೆ ಬಿದ್ದದ್ದಕ್ಕೆ ಅವರ ಊರಿನ ಸಾಲ್ಮನ್ ಕಾರಣ. ಸ್ಕಾಟ್ಲೆಂಡಿನ ನದಿಗಳಲ್ಲಿ ಸಾಲ್ಮನ್ ಹಿಡಿದು ಅಭ್ಯಾಸವಿದ್ದ ಅಧಿಕಾರಿಗಳಿಗೆ ಇಲ್ಲಿನ ನದಿಯಲ್ಲಿ ಅಂಥದ್ದೊಂದು ಬೇಕಿತ್ತು. ಮಹಶೀರ್ ಸಿಕ್ಕಿತು. ಸಾಲ್ಮನ್‌ಗೆಂದು ತಂದ ಕೋಲು, ರೀಲುಗಳನ್ನೇ ಇದಕ್ಕೆ ಒಡ್ಡಿದರು. ಸಾಲ್ಮನ್ ಕುಟುಂಬಕ್ಕೂ ಮಹಶೀರ್‌ಗೂ ರಕ್ತಸಂಬಂಧವಿಲ್ಲ. ಇದು ನಮ್ಮ ಕಾಟ್ಲಾ, ರೋಹುಗಳ ಬಳಗದ ಮೀನು. ಆದರೂ ಗಾಳದ ತುದಿಯಲ್ಲಿ ಅದರ ಓಟ ಸಾಲ್ಮನ್ನನ್ನು ಮೀರಿಸುತ್ತದೆ ಎಂದು ಅವರೇ ಒಪ್ಪಿಕೊಂಡರು. ಕಚ್ಚಿದ ಗಳಿಗೆಯಲ್ಲಿ ಅದು ಹರಿವಿನೊಡನೆ ಕೆಳಗೆ ನುಗ್ಗುತ್ತದೆ. ನೂಲು ಬಂಡೆಗೆ ಸಿಕ್ಕರೆ ಅಲ್ಲಿಗೆ ಮುಗಿಯಿತು. ಹಾಗಾಗಿ ದಡದಲ್ಲಿ ನಿಂತವನು ಹರಿಗೋಲಿಗೆ ಹಾರಿ ಮೀನಿನ ಹಿಂದೆಯೇ ಹೋಗಬೇಕು. ಹುಟ್ಟು ಹಾಕುವವನ ಕೈಚಳಕ ಇಲ್ಲದಿದ್ದರೆ ಕೋಲು ಹಿಡಿದವನ ಜಾಣತನ ಏನೇನೂ ನಡೆಯದು.

ಆಮಿಷದಲ್ಲಿ ಮಾತ್ರ ಸಾಲ್ಮನ್ ಪಾಠ ಇಲ್ಲಿ ಕೆಲಸಕ್ಕೆ ಬರಲಿಲ್ಲ. ಲೋಹದ ಚಮಚ, ಏಡಿ, ಸಣ್ಣ ಮೀನು ಎಲ್ಲವೂ ನಡೆಯುತ್ತವೆ. ಆದರೆ ಕಾವೇರಿ ದಂಡೆಯಲ್ಲಿ ಗೆದ್ದದ್ದು ರಾಗಿ. ರಾಗಿ ಹಿಟ್ಟಿಗೆ ಮಸಾಲೆ ಬೆರೆಸಿ ನಾದಿ, ಉಂಡೆ ಕಟ್ಟಿ, ಬೇಯಿಸಿ ಗಟ್ಟಿ ಮಾಡುತ್ತಾರೆ. ಸಣ್ಣ ಮೀನುಗಳು ಕುಟುಕಿ ಉದುರಿಸಬಾರದು, ಹರಿವಿಗೆ ಕರಗಬಾರದು. ದೊಡ್ಡ ಮೀನು ಬಾಯಿಗೆ ಹಾಕಿಕೊಂಡಾಗ ಮಾತ್ರ ಒಡೆಯಬೇಕು. ನಿಂಬೆಹಣ್ಣಿನ ಗಾತ್ರದಿಂದ ಕಿತ್ತಳೆ ಗಾತ್ರದವರೆಗೆ ಉಂಡೆ ಕಟ್ಟುವುದುಂಟು. ಮಹಶೀರ್‌ಗೆ ಹಲ್ಲಿರುವುದು ಗಂಟಲಿನಲ್ಲಿ. ಏಡಿಯ ಚಿಪ್ಪನ್ನು ಅಲ್ಲೇ ಅರೆದು ಪುಡಿ ಮಾಡುತ್ತದೆ. ಗಟ್ಟಿ ಉಕ್ಕಿನ ಗಾಳಗಳೂ ಆ ಗಂಟಲಲ್ಲಿ ಸೊಟ್ಟಗಾಗಿ ಬಂದದ್ದಿದೆ. ಮುದ್ದೆ ಉಣ್ಣುವ ಸೀಮೆಯ ಮೀನೂ ರಾಗಿಗೇ ಸೋಲುತ್ತದೆ ಎಂಬುದು ನನಗಂತೂ ತುಸು ಹೆಮ್ಮೆಯ ಸಂಗತಿ.

ಸ್ವಾತಂತ್ರ್ಯದ ನಂತರ ಗಾಳಗಾರರ ಸುಳಿವು ಕಡಿಮೆಯಾಯಿತು. ನದಿಗೆ ಸಿಡಿಮದ್ದು ಬಂತು. ಮಡುವಿಗೆ ಒಂದು ತೋಟಾ ಎಸೆದರೆ ತೇಲಿ ಬರುವುದು ಬೇಕಾದ ನಾಲ್ಕು ಮೀನು ಮಾತ್ರವಲ್ಲ, ಮರಿ ಮೊಟ್ಟೆ ಸಮೇತ ಇಡೀ ಮಡು. ಕಾವೇರಿಯಲ್ಲಿ ದೊಡ್ಡ ಮಹಶೀರ್ ಇನ್ನು ಉಳಿದಿಲ್ಲ ಎಂದೇ ಹಲವರು ನಂಬಿದ್ದರು. 1970ರ ದಶಕದ ಕೊನೆಗೆ ಬಂದ ಮೂವರು ಇಂಗ್ಲಿಷ್ ಗಾಳಗಾರರು ಭಾರಿ ಮೀನುಗಳನ್ನು ಹಿಡಿದು ಆ ನಂಬಿಕೆ ಸುಳ್ಳು ಮಾಡಿದರು. ಅಷ್ಟರಲ್ಲಿ ಬೆಂಗಳೂರಿನಲ್ಲಿ ವೈಲ್ಡ್‌ಲೈಫ್ ಅಸೋಸಿಯೇಷನ್ ಆಫ್ ಸೌತ್ ಇಂಡಿಯಾ ಹುಟ್ಟಿತ್ತು. ನದಿಯ ಒಂದು ಭಾಗವನ್ನು ಗುತ್ತಿಗೆಗೆ ಪಡೆದು ಕಾವಲು ಹಾಕಿತು. ರಾಜ್ಯ ಸರ್ಕಾರದ ಜಂಗಲ್ ಲಾಡ್ಜಸ್ ಸಂಸ್ಥೆ ಭೀಮೇಶ್ವರಿ, ದೊಡ್ಡಮಾಕಳಿ, ಗಾಳಿಬೋರೆಗಳಲ್ಲಿ ಗಾಳಗಾರಿಕೆಯ ಶಿಬಿರಗಳನ್ನು ನಡೆಸಿತು. ಹಿಂದೆ ಕದ್ದು ಮೀನು ಹಿಡಿಯುತ್ತಿದ್ದವರೇ ಇಲ್ಲಿ ಮಾರ್ಗದರ್ಶಿಗಳಾದರು. ಯಾವ ಮಡುವಿನಲ್ಲಿ ಯಾವ ಹೊತ್ತಿಗೆ ಮೀನು ಮೇಲೆ ಬರುತ್ತದೆ ಎಂದು ಅವರಷ್ಟು ಬಲ್ಲವರು ಯಾರಿದ್ದರು? ಸಿಡಿಮದ್ದಿಗಿಂತ ಬದುಕಿರುವ ಮೀನಿನಿಂದ ಹೆಚ್ಚು ದಿನ ಅನ್ನ ಸಿಗುತ್ತದೆ ಎಂದಾದ ಮೇಲೆ ಆ ಭಾಗದ ನದಿಗೆ ತಾನಾಗಿ ಕಾವಲು ಬಂತು. ಈ ವ್ಯವಸ್ಥೆಯ ಬಗ್ಗೆ ಒಳ್ಳೆಯ ಮಾತು ಆಡಲು ನನಗೆ ಹಿಂಜರಿಕೆಯಿಲ್ಲ. ಯಡವಟ್ಟು ನಡೆದದ್ದು ಬೇರೆ ಕಡೆ.

ಮಹಾರಾಷ್ಟ್ರದ ಲೋನಾವಳದಲ್ಲಿ ಟಾಟಾ ವಿದ್ಯುತ್ ಕಂಪನಿಯ ಜಲಾಶಯಗಳಿವೆ. ಅಲ್ಲಿನ ಮೀನು ಸಾಕಣೆ ಕೇಂದ್ರದಲ್ಲಿ 1970ರ ದಶಕದಿಂದ ಮಹಶೀರ್ ಮರಿಗಳನ್ನು ಕೃತಕವಾಗಿ ಹುಟ್ಟಿಸಿ ಬೆಳೆಸುತ್ತಿದ್ದರು. ಆ ಕಾಲಕ್ಕೆ ಅದು ದೊಡ್ಡ ಸಾಧನೆ. ದೇಶದ ನದಿಗಳಲ್ಲಿ ಮಹಶೀರ್ ಕಡಿಮೆಯಾಗುತ್ತಿದೆ, ಇಲ್ಲಿ ಲಕ್ಷಗಟ್ಟಲೆ ಮರಿ ಹುಟ್ಟುತ್ತಿವೆ. ಒಯ್ದು ನದಿಗೆ ಬಿಟ್ಟರೆ ಆಯಿತಲ್ಲ ಎಂದು ಮೀನು ಹೆಚ್ಚಲಿ ಎಂಬ ಆಸೆಯಿದ್ದ ಎಲ್ಲರಿಗೂ ಅನಿಸಿತು. ಮರಿಗಳು ಬೇರೆ ಬೇರೆ ರಾಜ್ಯಗಳಿಗೆ ಹೋದವು. ಕಾವೇರಿಗೂ ಬಂದವು. ಲೋನಾವಳದಲ್ಲಿ ಸಾಕಿದ್ದು ನೀಲಿ ರೆಕ್ಕೆಯ ಮಹಶೀರ್, ವಿಜ್ಞಾನದ ಹೆಸರಲ್ಲಿ ಟಾರ್ ಖುದ್ರಿ. 1839ರಲ್ಲಿ ಸೈಕ್ಸ್ ಎಂಬ ಸೇನಾಧಿಕಾರಿ ಪುಣೆಯ ಮುಳಾ ಮುಠಾ ನದಿಯ ಮೀನು ನೋಡಿ ಇದನ್ನು ವಿವರಿಸಿದ. ಅದು ಕೃಷ್ಣೆಯ ಕಣಿವೆ. ಅಂದರೆ ಕೃಷ್ಣೆಯ ಕಡೆಯ ಮೀನನ್ನು ತಂದು ಕಾವೇರಿಗೆ ಬಿಟ್ಟರು. ಎರಡೂ ಮಹಶೀರ್ ತಾನೇ ಎಂಬ ಭಾವನೆ ಇದ್ದುದರಿಂದ ಇದು ಯಾರಿಗೂ ಪರದೇಶಿ ಮೀನು ಬಿಟ್ಟಂತೆ ತೋರಲಿಲ್ಲ. ಆಫ್ರಿಕಾದ ತಿಲಾಪಿಯಾ ಬಿಟ್ಟಿದ್ದರೆ ಬಹುಶಃ ಒಬ್ಬರಾದರೂ ತಡೆಯುತ್ತಿದ್ದರು.

ಗಾಳಿಬೋರೆಯ ದಾಖಲೆಯಲ್ಲಿ ಹೆಚ್ಚುತ್ತಾ ಹೋದದ್ದು ಈ ನೀಲಿ ರೆಕ್ಕೆಯ ಮೀನು. ಗೂನುಬೆನ್ನಿನದು ವರ್ಷದಿಂದ ವರ್ಷಕ್ಕೆ ಅಪರೂಪವಾಯಿತು. ಅಪರೂಪಕ್ಕಿಂತ ಹೆಚ್ಚು ಚಿಂತೆ ಹುಟ್ಟಿಸುವುದು ಅವುಗಳ ಗಾತ್ರ: ಸಿಕ್ಕ ಕೆಲವೇ ಗೂನುಬೆನ್ನಿನ ಮೀನುಗಳು ದೊಡ್ಡದಾಗುತ್ತಾ ಹೋದವು. ಗಾಳಗಾರನಿಗೆ ಅದು ಅದೃಷ್ಟ. ಜೀವಶಾಸ್ತ್ರ ಬಲ್ಲವನಿಗೆ ಅದು ಮುದುಕರಷ್ಟೇ ಉಳಿದ ಊರು. ತೊಟ್ಟಿಲು ಕಟ್ಟಿದ ಮನೆ ಒಂದೂ ಇಲ್ಲ. ಮಹಶೀರ್ ದೀರ್ಘಾಯುಷಿ. ಹಳೆಯ ಮೀನುಗಳು ಇನ್ನಷ್ಟು ವರ್ಷ ಬದುಕಿ ಆಗೊಮ್ಮೆ ಈಗೊಮ್ಮೆ ಗಾಳಕ್ಕೆ ಸಿಕ್ಕು, ಪತ್ರಿಕೆಯಲ್ಲಿ ಫೋಟೋ ಬಂದು, ಎಲ್ಲ ಸರಿಯಿದೆ ಎಂಬ ಭ್ರಮೆಯನ್ನು ಕೊನೆಯವರೆಗೂ ಉಳಿಸುತ್ತವೆ.

ನೀಲಿ ರೆಕ್ಕೆಯದೇ ಗೂನುಬೆನ್ನಿನದನ್ನು ಹೊರದೂಡಿತು ಎಂದು ಒಂದೇ ಏಟಿಗೆ ತೀರ್ಪು ಕೊಡುವುದು ಸರಿಯಲ್ಲ. ಆಹಾರಕ್ಕೂ ಮೊಟ್ಟೆ ಇಡುವ ಜಾಗಕ್ಕೂ ಪೈಪೋಟಿ ಇರಬಹುದು, ಎರಡರ ಬೆರಕೆ ಹುಟ್ಟಿರಬಹುದು. ಜೊತೆಗೆ ಮೇಲೆ ಕೃಷ್ಣರಾಜಸಾಗರ, ಕೆಳಗೆ ಮೆಟ್ಟೂರು. ನಡುವೆ ಬೇಸಿಗೆಯಲ್ಲಿ ಸೊರಗುವ ಹರಿವು, ಮರಳು ತೆಗೆಯುವಿಕೆ, ಸಿಡಿಮದ್ದು. ಮೊಟ್ಟೆ ಇಡಲು ಮಳೆಗಾಲದ ಹೊಸ ನೀರು, ಜಲ್ಲಿಕಲ್ಲಿನ ತಳ ಬೇಡುವ ಮೀನಿಗೆ ಇವೆಲ್ಲವೂ ಪೆಟ್ಟು. ಆದರೆ ಅದೇ ನದಿ, ಅದೇ ಅಣೆಕಟ್ಟು, ಅದೇ ಕಾವಲಿನ ನಡುವೆ ಒಂದು ಮೀನು ಹೆಚ್ಚಿ ಇನ್ನೊಂದು ಕುಸಿದಿದೆ ಎಂಬುದನ್ನು ಮರೆಯುವಂತಿಲ್ಲ. ಹೊರಗಿನ ಮೀನು ಬಿಟ್ಟವರ ಕೈ ಈ ಪ್ರಕರಣದಲ್ಲಿ ಸ್ವಚ್ಛ ಎಂದು ನಾನು ಹೇಳಲಾರೆ. ಅವರ ಉದ್ದೇಶ ಸ್ವಚ್ಛವಾಗಿತ್ತು ಎಂಬುದು ಬೇರೆ ಮಾತು.

ಸಾಲ್ಮನ್, ಟ್ರೌಟ್‌ಗಳ ನಾಡಿನವರು ಇದಕ್ಕಿಂತ ಬಹಳ ಮೊದಲೇ ಇದೇ ದಾರಿಯಲ್ಲಿ ನಡೆದಿದ್ದರು. ಅಮೆರಿಕದ ವಾಷಿಂಗ್ಟನ್ ರಾಜ್ಯದ ಎಲ್ವಾ ನದಿಗೆ 1913ರಲ್ಲಿ ಅಣೆಕಟ್ಟು ಕಟ್ಟಿದಾಗ ಸಾಲ್ಮನ್ ಹತ್ತಿ ಹೋಗಲು ಮೆಟ್ಟಿಲು ಇಡಲಿಲ್ಲ. ಕಾನೂನು ಅದನ್ನು ಬೇಡುತ್ತಿತ್ತು. ಬದಲಿಗೆ ಮರಿ ಹುಟ್ಟಿಸುವ ಕೇಂದ್ರ ಕಟ್ಟಿಕೊಟ್ಟರೆ ಸಾಕು ಎಂದು ಒಪ್ಪಂದವಾಯಿತು. ಆ ಕೇಂದ್ರ 1922ರಲ್ಲೇ ಬಾಗಿಲು ಹಾಕಿತು. ಅಣೆಕಟ್ಟು ಮಾತ್ರ ಇನ್ನೂ ತೊಂಬತ್ತು ವರ್ಷ ನಿಂತಿತ್ತು. ಅದನ್ನೂ ಅದರ ಮೇಲಿನ ಇನ್ನೊಂದನ್ನೂ 2011ರಿಂದ 2014ರ ನಡುವೆ ಒಡೆದು ತೆಗೆದ ಮೇಲೆ ಸಾಲ್ಮನ್‌ಗಳು ಮೇಲಿನ ಹೊಳೆಗಳಿಗೆ ಮರಳಿದವು. ಅಣೆಕಟ್ಟಿನ ಹಿಂದೆ ನೂರು ವರ್ಷ ಸಿಕ್ಕಿಬಿದ್ದಿದ್ದ ಮಳೆಬಿಲ್ಲಿನ ಟ್ರೌಟ್‌ಗಳ ಸಂತತಿಯೂ ಮತ್ತೆ ಸಮುದ್ರಕ್ಕೆ ಹೋಗಿ ಬರತೊಡಗಿತು. ಅವುಗಳ ರಕ್ತದಲ್ಲಿ ಆ ದಾರಿಯ ಗುಣ ಅಳಿದಿರಲಿಲ್ಲ. ಸ್ಥಳೀಯ ತಳಿ ಉಳಿದಿದ್ದರೆ ಮಾತ್ರ ಇಂಥದ್ದು ಸಾಧ್ಯ. ಹೊರಗಿನ ಮರಿಗಳಿಂದ ತುಂಬಿದ ನದಿಯಲ್ಲಿ ಮರಳಿ ಬರಲು ಯಾರಿರುತ್ತಾರೆ?

ನಮ್ಮ ನೆರೆಯ ನೀಲಗಿರಿಯಲ್ಲೂ ಇಪ್ಪತ್ತನೇ ಶತಮಾನದ ಆರಂಭದಲ್ಲಿ ಇಂಗ್ಲಿಷರು ಟ್ರೌಟ್ ತಂದು ಬಿಟ್ಟರು. ಅವಲಾಂಚಿಯಲ್ಲಿ ಅದಕ್ಕೆಂದೇ ಕೇಂದ್ರ ಕಟ್ಟಿದರು. ಅದು ತಣ್ಣೀರಿನ ಮೀನು, ಬೆಟ್ಟ ಬಿಟ್ಟು ಕೆಳಗಿಳಿದು ಮಹಶೀರ್‌ಗೆ ತೊಡಕಾಗಲಿಲ್ಲ.

ಗೂನುಬೆನ್ನಿನ ಮಹಶೀರ್‌ಗೆ ಇನ್ನೊಂದು ತೊಡಕಿತ್ತು. ನೂರು ವರ್ಷಗಳಿಂದ ಫೋಟೋ ತೆಗೆಸಿಕೊಂಡ ಈ ಮೀನಿಗೆ ಖಚಿತವಾದ ವೈಜ್ಞಾನಿಕ ಹೆಸರಿರಲಿಲ್ಲ. ಅದಿಲ್ಲದೆ ಅಳಿವಿನಂಚಿನ ಜೀವಿಗಳ ಕೆಂಪು ಪಟ್ಟಿಯಲ್ಲಿ ಜಾಗ ಸಿಗದು. ಪಟ್ಟಿಯಲ್ಲಿಲ್ಲದ ಮೀನಿಗೆ ಯೋಜನೆ, ಹಣ, ರಕ್ಷಣೆ ಯಾವುದೂ ಬರದು. 2018ರಲ್ಲಿ ಪಿಂಡರ್, ರಾಘವನ್ ಮತ್ತು ಜೊತೆಗಾರರು ಕಾವೇರಿ ಕಣಿವೆಯದೇ ಆದ ಮೋಯಾರ್ ನದಿಯಲ್ಲಿ ಸಿಕ್ಕ ಗೂನುಬೆನ್ನಿನ ಮೀನುಗಳ ಡಿಎನ್‌ಎ ಪರೀಕ್ಷಿಸಿದರು. ಕೇರಳದ ಪಾಂಬಾರ್ ಹೊಳೆಯ ಚಿಕ್ಕ ಮೀನುಗಳನ್ನು ನೋಡಿ ಹಿಂದೆಯೇ ಕುರುಪ್ ಮತ್ತು ರಾಧಾಕೃಷ್ಣನ್ ವಿವರಿಸಿದ್ದ ಟಾರ್ ರೆಮಾದೇವಿಗೆ ಅವು ಹೊಂದಿಕೊಂಡವು. ಪಾಂಬಾರ್ ನೀರು ಅಮರಾವತಿಯ ಮೂಲಕ ಕಾವೇರಿಗೇ ಸೇರುತ್ತದೆ. ಭಾರತೀಯ ಪ್ರಾಣಿ ಸರ್ವೇಕ್ಷಣಾಲಯದ ಮೀನುತಜ್ಞೆ ರೆಮಾ ದೇವಿ ಅವರ ಹೆಸರನ್ನು ಹೊತ್ತ ಆ ಪುಟ್ಟ ಮೀನೇ ಬೆಳೆದರೆ ಐವತ್ತು ಕಿಲೋದ ಗೂನುಬೆನ್ನು ಆಗುತ್ತದೆ ಎಂದು ಅಲ್ಲಿಯವರೆಗೆ ಯಾರೂ ಜೋಡಿಸಿ ನೋಡಿರಲಿಲ್ಲ. ಅದೇ ವರ್ಷ ಕೆಂಪು ಪಟ್ಟಿಯಲ್ಲಿ ಇದಕ್ಕೆ ಅಳಿವಿನ ತೀವ್ರ ಅಪಾಯದಲ್ಲಿರುವ ಜೀವಿ ಎಂಬ ಸ್ಥಾನ ಸಿಕ್ಕಿತು. ನೀಲಿ ರೆಕ್ಕೆಯ ಟಾರ್ ಖುದ್ರಿಯನ್ನು ಅಪಾಯವಿಲ್ಲದವುಗಳ ಸಾಲಿಗೆ ಇಳಿಸಲಾಯಿತು.

ಆದರೆ ಅಷ್ಟು ಹೊತ್ತಿಗೆ ಗಾಳಿಬೋರೆಯಲ್ಲಿ ಗಾಳ ನಿಂತು ವರ್ಷಗಳಾಗಿದ್ದವು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಬೇಟೆ ಎಂದರೆ ಕೊಲ್ಲುವುದಷ್ಟೇ ಅಲ್ಲ, ಹಿಡಿಯುವುದೂ ಬೇಟೆಯೇ. ಅಭಯಾರಣ್ಯದೊಳಗೆ ಮೀನನ್ನು ಗಾಳಕ್ಕೆ ಹಿಡಿದು ಬಿಡುವುದೂ ಆ ವ್ಯಾಖ್ಯೆಗೆ ಸೇರುತ್ತದೆ ಎಂಬ ವಾದ ಗೆದ್ದು, 2012ರ ಹೊತ್ತಿಗೆ ಕಾವೇರಿ ವನ್ಯಜೀವಿ ಧಾಮದಲ್ಲಿ ಗಾಳಗಾರಿಕೆ ಮುಗಿಯಿತು. ಶಿಬಿರಗಳು ಸಫಾರಿ, ಹರಿಗೋಲು ವಿಹಾರಗಳ ಕಡೆ ಹೊರಳಿದವು.

ನಿಷೇಧದ ಪರವಾದ ಮಾತಿನಲ್ಲಿ ತಿರುಳಿದೆ. ನದಿ ದಂಡೆಯ ಹಳ್ಳಿಯವನು ಸಾರಿಗೆ ಒಂದು ಮೀನು ಹಿಡಿದರೆ ಅಪರಾಧ, ದುಡ್ಡು ತೆತ್ತು ಬಂದವನು ಮೋಜಿಗೆ ಹಿಡಿದರೆ ಸಂರಕ್ಷಣೆ ಎಂಬ ಲೆಕ್ಕ ಯಾರಿಗಾದರೂ ಕಸಿವಿಸಿ ಮಾಡಬೇಕು. ಗಾಳ ನುಂಗಿ ಅರ್ಧ ಗಂಟೆ ಸೆಣಸಿದ ಮೀನು ದಣಿಯುವುದೂ ಸುಳ್ಳಲ್ಲ. ಆದರೂ ನನ್ನ ಆಕ್ಷೇಪ ಉಳಿದೇ ಇದೆ. ಈ ಪ್ರಕರಣದಲ್ಲಿ ಮೀನಿಗೆ ಆದ ಹಾನಿಯನ್ನು ತೋರಿಸಿಕೊಟ್ಟದ್ದು ಯಾವ ಇಲಾಖೆಯ ಸಮೀಕ್ಷೆಯೂ ಅಲ್ಲ, ಗಾಳಗಾರರ ದಾಖಲೆ. ಆಳದ, ರಭಸದ, ಮೊಸಳೆಗಳಿರುವ ಆ ನೀರಿನಲ್ಲಿ ಬಲೆ ಬೀಸಿ ಮಹಶೀರ್ ಎಣಿಸುವುದು ಸುಲಭವಲ್ಲ. ಹದಿನಾಲ್ಕು ವರ್ಷ ತಮ್ಮ ಖರ್ಚಿನಲ್ಲಿ ಎಣಿಸಿಕೊಟ್ಟವರನ್ನು ಹೊರಗೆ ಕಳಿಸಿದ ಮೇಲೆ ಆ ಕೆಲಸಕ್ಕೆ ಬೇರೆ ಯಾರನ್ನೂ ನೇಮಿಸಲಿಲ್ಲ. ಹಿಂದೆ ಕಾವಲಿದ್ದ ಮಾರ್ಗದರ್ಶಿಗಳ ಅನ್ನವೂ ಹೋಯಿತು. ಇನ್ನು ನದಿಗೆ ಹೊರಗಿನ ಮರಿ ಬಿಡುವ ವಿಷಯ ಈ ವಾದವಿವಾದದಲ್ಲಿ ಎಲ್ಲೂ ಕಟಕಟೆಗೆ ಬರಲೇ ಇಲ್ಲ. ಗಾಳವನ್ನು ತಡೆದರು, ಮೀನಿಗೆ ದಶಕಗಳ ಹಿಂದೆ ತಗುಲಿದ ಪೆಟ್ಟು ಹಾಗೆಯೇ ಮುಂದುವರಿಯಿತು.

ಉಳಿದಿರುವ ಭರವಸೆ ಮುಖ್ಯವಾಗಿ ಮೋಯಾರ್‌ನಲ್ಲಿದೆ. ನೀಲಗಿರಿಯ ಪೈಕಾರಾ ಇಳಿದು ಬಂದು ಮೋಯಾರ್ ಆಗಿ, ಬಂಡೀಪುರ ಮತ್ತು ಮುದುಮಲೈ ಕಾಡುಗಳ ನಡುವಿನ ಆಳದ ಕಮರಿಯಲ್ಲಿ ಹರಿದು, ಭವಾನಿಸಾಗರದ ಹಿನ್ನೀರಿಗೆ ಸೇರುತ್ತದೆ. ಹುಲಿ, ಆನೆಗಳ ಕಾಡಿನ ಕಾವಲು ಮೀನಿಗೂ ಸಿಕ್ಕಿದೆ. ಮೇಲೆ ಜಲವಿದ್ಯುತ್ ಕೇಂದ್ರಗಳಿರುವುದರಿಂದ ನೀರಿನ ಏರಿಳಿತ ಮಾತ್ರ ಕಾಡಿನ ಕೈಯಲ್ಲಿಲ್ಲ. ಕಾವೇರಿಯ ಮುಖ್ಯ ಹರಿವಿನ ಮಟ್ಟಿಗೆ ಮೇಕೆದಾಟು ಜಲಾಶಯದ ಪ್ರಸ್ತಾವ ಎದುರಿಗಿದೆ. 67 ಟಿಎಂಸಿ ನೀರು ನಿಂತರೆ ಈ ಬಂಡೆ, ಮಡು, ರಭಸಗಳ ಜಾಗದಲ್ಲಿ ಅಲುಗದ ನೀರು ಇರುತ್ತದೆ. ಬೆಂಗಳೂರಿಗೆ ಕುಡಿಯುವ ನೀರು ಬೇಕು, ಅದರ ವಾದ ಬೇರೆಯೇ ಇದೆ. ಹರಿಯುವ ನೀರು ಬೇಡುವ ಮೀನಿನ ಪರವಾಗಿ ಮಾತ್ರ ಆ ಚರ್ಚೆಯಲ್ಲಿ ದನಿ ಕೇಳುವುದು ಕಷ್ಟ.

ಈಗ ತಜ್ಞರ ಮುಂದಿರುವ ಪ್ರಶ್ನೆ ಮೋಯಾರ್‌ನಿಂದ ತಾಯಿ ಮೀನುಗಳನ್ನು ಹಿಡಿದು ತಂದು ಮರಿ ಮಾಡಿಸಬೇಕೇ ಎಂಬುದು. ಉಳಿದಿರುವುದೇ ಕೆಲವು, ಅವುಗಳಲ್ಲಿ ನಾಲ್ಕಾರನ್ನು ಹೊರತೆಗೆದು ಕೊಳದಲ್ಲಿ ಸಾಯಿಸಿದರೆ ನದಿಗೂ ನಷ್ಟ. ಸಾಯಿಸದೆ ಮರಿ ಮಾಡಿಸಿದರೂ ನಾಲ್ಕಾರು ತಾಯಂದಿರ ಮಕ್ಕಳಿಂದಲೇ ನದಿ ತುಂಬಿದರೆ ತಳಿಯ ವೈವಿಧ್ಯ ಕುಗ್ಗುತ್ತದೆ. ನನ್ನ ಅಭಿಪ್ರಾಯದಲ್ಲಿ ಅದಕ್ಕೆ ಕೈ ಹಾಕುವ ಮೊದಲು ಮಾಡಬಹುದಾದ, ಹೆಚ್ಚು ಹಣ ಬೇಡದ ಎರಡು ಕೆಲಸಗಳಿವೆ. ಕಾವೇರಿ ಕಣಿವೆಯ ಯಾವ ನೀರಿಗೂ ಟಾರ್ ಖುದ್ರಿ ಮರಿಗಳನ್ನು ಬಿಡಬಾರದು ಎಂದು ಮೀನುಗಾರಿಕೆ ಇಲಾಖೆ ಲಿಖಿತವಾಗಿ ಆದೇಶಿಸಬೇಕು. ಮರಿ ಬಿಡುವ ಕಾರ್ಯಕ್ರಮಕ್ಕೆ ಬರುವ ಗಣ್ಯರ ಕೈಯಲ್ಲಿರುವ ಬಕೆಟ್ಟಿನಲ್ಲಿ ಯಾವ ಮೀನಿದೆ ಎಂದು ನೋಡುವ ಜವಾಬ್ದಾರಿ ಒಬ್ಬ ಅಧಿಕಾರಿಯ ಹೆಸರಿನಲ್ಲಿ ಇರಬೇಕು. ಜೊತೆಗೆ ಸಂಗಮದಿಂದ ಮೇಲಕ್ಕೆ ಕೆಲವು ಮಡುಗಳಲ್ಲಿ, ಅರಣ್ಯ ಇಲಾಖೆಯ ಅನುಮತಿ ಮತ್ತು ಹಾಜರಿಯಲ್ಲಿ, ಹಳೆಯ ಮಾರ್ಗದರ್ಶಿಗಳ ಕೈಗೆ ಮತ್ತೆ ಗಾಳ ಕೊಟ್ಟು ಲೆಕ್ಕ ಬರೆಸಬೇಕು. ಮೀನು ಮಹಶೀರ್ ಎಂದಷ್ಟೇ ಬರೆದರೆ ಸಾಲದು. ರೆಕ್ಕೆಯ ಬಣ್ಣ, ಬೆನ್ನಿನ ಆಕಾರ, ಡಿಎನ್‌ಎ ಪರೀಕ್ಷೆಗೆ ರೆಕ್ಕೆಯ ಅಂಚಿನಿಂದ ಕತ್ತರಿಸಿದ ಉಗುರಿನಷ್ಟು ಚೂರು ಪ್ರತಿ ನಮೂದಿನ ಜೊತೆಗೂ ಇರಬೇಕು.